ಓದುಗರ ಪ್ರಶ್ನೆ: ಚಕ್ರ ಕೈಕೊಟ್ರೆ ವಿಮಾನ ಗಂಟೆಗಟ್ಲೆ ಯಾಕೆ ಸುತ್ತುತ್ತೆ?

2024ರ ಅಕ್ಟೋಬರ್‌ನಲ್ಲಿ ತಿರುಚ್ಚಿಯಿಂದ ಶಾರ್ಜಾಗೆ ಹೊರಟ ವಿಮಾನದ ಹೈಡ್ರಾಲಿಕ್ (ಎಣ್ಣೆ ಥರದ ದ್ರವದ ಒತ್ತಡದಿಂದ ಚಕ್ರ, ಬ್ರೇಕ್ ಎಲ್ಲ ಆಡಿಸೋ ವ್ಯವಸ್ಥೆ) ಕೆಟ್ಟು ಎರಡು ಗಂಟೆಗೂ ಜಾಸ್ತಿ ಆಕಾಶದಲ್ಲೇ ಸುತ್ತು ಹಾಕ್ತಲ್ಲ, ಆವಾಗಿಂದ ಈ ಪ್ರಶ್ನೆ ಬರ್ತಾನೇ ಇದೆ, ತೊಂದ್ರೆ ಇದ್ರೆ ತಕ್ಷಣ ಇಳಿಸೋದು ಬಿಟ್ಟು ಸುತ್ತೋದ್ಯಾಕೆ ಅಂತ.

ಮುಖ್ಯ ಕಾರಣ ತೂಕ. ಆಗಷ್ಟೇ ಟೇಕಾಫ್ ಆದ ವಿಮಾನದಲ್ಲಿ ಟನ್‌ಗಟ್ಲೆ ಇಂಧನ ಇರುತ್ತೆ, ಅಷ್ಟು ಭಾರ ಇಟ್ಕೊಂಡು ಇಳಿಯೋಕೆ ಸ್ಪೀಡೂ ಜಾಸ್ತಿ ಬೇಕು, ಬ್ರೇಕ್ ಮೇಲೂ ಹೊರೆ, ಏನಾದ್ರೂ ಉಜ್ಜಿ ಕಿಡಿ ಹಾರಿದ್ರೆ ಉರಿಯೋಕೂ ಜಾಸ್ತಿ ಇರುತ್ತೆ. ಕೆಲವು ದೊಡ್ಡ ವಿಮಾನಗಳಿಗೆ ಇಂಧನಾನ ಗಾಳೀಲೇ ಚೆಲ್ಲೋ ವ್ಯವಸ್ಥೆ ಇರುತ್ತೆ, ನಾವು ಹೆಚ್ಚಾಗಿ ಹತ್ತೋ ಬೋಯಿಂಗ್ 737, ಏರ್‌ಬಸ್ ಎ320ಗೆ ಅದಿಲ್ಲ, ಹಾರಿಸಿ ಹಾರಿಸೀನೇ ಖಾಲಿ ಮಾಡ್ಬೇಕು. ಬೆಂಕಿ ಗಿಂಕಿ ಬಿದ್ರೆ ಈ ಲೆಕ್ಕ ಯಾವ್ದೂ ಇಲ್ಲ, ಎಷ್ಟೇ ಭಾರ ಇದ್ರೂ ಇಳಿಸ್ತಾರೆ.

ಸುತ್ತೋ ಹೊತ್ತಲ್ಲಿ ಕಾಕ್‌ಪಿಟ್‌ನಲ್ಲಿ ಒಬ್ರು ವಿಮಾನ ನೋಡ್ಕೋತಾರೆ, ಇನ್ನೊಬ್ರು ಚೆಕ್‌ಲಿಸ್ಟ್ ಓದ್ತಾ ಹೋಗ್ತಾರೆ. ಮೂರು ಹಸಿರು ದೀಪ ಹತ್ತಿದ್ರೆ ಮೂರೂ ಕಡೆ ಚಕ್ರ ಇಳಿದು ಲಾಕ್ ಆಗಿದೆ ಅಂತ, ಒಂದು ಹತ್ತಿಲ್ಲ ಅಂದ್ರೆ ಚಕ್ರಾನೇ ಇಳಿದಿಲ್ವೋ ಬರೀ ಸೆನ್ಸರ್ ಕೆಟ್ಟಿದ್ಯೋ ನೋಡ್ಬೇಕು. ಹೈಡ್ರಾಲಿಕ್ ಸತ್ತೇ ಹೋಗಿದ್ರೂ ದಾರಿ ಇದೆ, 737ರ ಕಾಕ್‌ಪಿಟ್ ನೆಲದಲ್ಲಿ ಒಂದು ಮುಚ್ಚಳ ತೆಗೆದು ಮೂರು ಹ್ಯಾಂಡಲ್ ಎಳೆದ್ರೆ ಲಾಕ್ ಬಿಟ್ಕೊಂಡು ಚಕ್ರ ತನ್ನ ಭಾರಕ್ಕೇ ಕೆಳಗಿಳಿಯುತ್ತೆ.

ಅದೂ ಆಗ್ಲಿಲ್ವಾ, ಹೊಟ್ಟೆ ಮೇಲೇ ಇಳಿಸೋದು. 2011ರ ನವೆಂಬರ್ 1ರಂದು ಪೋಲೆಂಡಿನ ವಾರ್ಸಾದಲ್ಲಿ ಕ್ಯಾಪ್ಟನ್ ಟಡೆಉಷ್ ವ್ರೋನಾ ಬೋಯಿಂಗ್ 767ನ ಹಾಗೇ ಇಳಿಸಿದ್ರು, ಒಳಗಿದ್ದ 231 ಜನರಲ್ಲಿ ಒಬ್ರಿಗೂ ಪೆಟ್ಟಾಗ್ಲಿಲ್ಲ. ಆಮೇಲೆ ವಿಮಾನ ಎತ್ತಿ ನೋಡಿದ್ರೆ ಒಂದು ಸರ್ಕ್ಯೂಟ್ ಬ್ರೇಕರ್ ಟ್ರಿಪ್ ಆಗಿತ್ತು, ಅದನ್ನ ಒತ್ತಿದ್ಮೇಲೆ ಚಕ್ರ ಆರಾಮಾಗಿ ಇಳೀತಂತೆ, ಇದಕ್ಕೆ ಏನ್ ಹೇಳೋದು!

ನನ್ ಕೇಳಿದ್ರೆ ಚಕ್ರಕ್ಕಿಂತ ಡೇಂಜರ್ ಅಂದ್ರೆ ಎಲ್ರೂ ಚಕ್ರದ ಮೇಲೇ ತಲೆ ಇಟ್ಕೊಂಡು ಕೂರೋದು. 1972ರಲ್ಲಿ ಅಮೆರಿಕದ ಮಯಾಮಿ ಹತ್ರ ಈಸ್ಟರ್ನ್ ಏರ್‌ಲೈನ್ಸ್‌ನ ಫ್ಲೈಟ್ 401ರ ಪೈಲಟ್‌ಗಳು ಮುಂದಿನ ಚಕ್ರದ ದೀಪ ಹತ್ತಿಲ್ಲ ಅಂತ ಅದರ ಹಿಂದೇನೇ ಬಿದ್ರು, ವಿಮಾನ ನಿಧಾನಕ್ಕೆ ಕೆಳಗಿಳೀತಿದ್ದದ್ದು ಯಾರಿಗೂ ಗೊತ್ತಾಗ್ಲಿಲ್ಲ, ಜೌಗು ನೆಲಕ್ಕೆ ಬಿದ್ದು 101 ಜನ ಸತ್ರು, ಕೆಟ್ಟಿದ್ದು ಬಲ್ಬ್ ಅಷ್ಟೇ. 1978ರಲ್ಲಿ ಅಲ್ಲಿನದೇ ಪೋರ್ಟ್‌ಲ್ಯಾಂಡ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಫ್ಲೈಟ್ 173 ಚಕ್ರದ ಚಿಂತೇಲಿ ಸುತ್ತಿ ಸುತ್ತಿ ಇಂಧನಾನೇ ಮುಗಿಸ್ಕೊಂಡು ಬಿತ್ತು, 10 ಜನ ಹೋದ್ರು. ಇಂಧನ ಕಮ್ಮಿ ಆಗ್ತಿದೆ ಅಂತ ಜೊತೆಯವರು ಹೇಳಿದ್ರು, ಆದ್ರೆ ಗಟ್ಟಿಯಾಗಿ ಹೇಳ್ಲಿಲ್ಲ, ಕ್ಯಾಪ್ಟನ್ ತಲೆಗೂ ಹೋಗ್ಲಿಲ್ಲ.

ಅದಾದ್ಮೇಲೇನೇ ಯುನೈಟೆಡ್ 1981ರಲ್ಲಿ ಹೊಸ ಟ್ರೇನಿಂಗ್ ಶುರು ಮಾಡ್ತು, ಈಗ ಜಗತ್ತಿನಲ್ಲೆಲ್ಲ ಇದೆ: ಜೂನಿಯರ್ ಆದ್ರೂ ಕ್ಯಾಪ್ಟನ್‌ಗೆ ನೇರವಾಗಿ ಹೇಳ್ಬೇಕು, ಕ್ಯಾಪ್ಟನ್ ಕೇಳಿಸ್ಕೋಬೇಕು. ಹಾಗಾಗಿ ಇವತ್ತು ಸುತ್ತೋಕೆ ಶುರು ಮಾಡೋ ಮುಂಚೇನೇ ಎಷ್ಟು ಇಂಧನ ಉಳಿದಾಗ ನಿಲ್ಲಿಸಿ ಇಳೀಬೇಕು ಅನ್ನೋದನ್ನ ಲೆಕ್ಕ ಹಾಕಿಟ್ಕೋತಾರೆ.