ಕರಡಿಗೊಂದು ಕರಡಿಗೆ

ಮುಂಬಯಿಯ ಗೋರೆಗಾಂವ್‌ನ ಹಳೆಯ ಕಟ್ಟಡವೊಂದು ಪುನರ್ನಿರ್ಮಾಣಕ್ಕಾಗಿ ನೆಲಸಮವಾಗುವ ಹಿಂದಿನ ವಾರ ನನಗೊಂದು ಫೋನ್ ಬಂತು. ಅಲ್ಲಿ ಎರಡನೆಯ ಮಹಡಿಯಲ್ಲಿದ್ದ ಕನ್ನಡ ಕತೆಗಾರರು ತೀರಿಕೊಂಡು ಆರು ವರ್ಷಗಳಾಗಿದ್ದವು. ಮನೆ ಖಾಲಿ ಮಾಡುತ್ತಿದ್ದ ಸೊಸೆಗೆ ಮಾವನ ಮಂಚದಡಿಯಲ್ಲಿ ಒಂದು ಟ್ರಂಕು ಸಿಕ್ಕಿತ್ತು. ನಾನು ಹೋಗುವಷ್ಟರಲ್ಲಿ ರದ್ದಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಚ್ಚಾದ ಪುಸ್ತಕಗಳನ್ನು ಆಕೆ ಆಗಲೇ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದರು. ತಕ್ಕಡಿಯ ಪಾಲಿಗೆ ಬಂದದ್ದು ಅವೇ ಪುಸ್ತಕಗಳ ಕರಡುಗಳು. ಕಚೇರಿಯ ಹಾಳೆಗಳ ಹಿಂಬದಿಯಲ್ಲಿ ಬರೆದವು, ಅರ್ಧಕ್ಕರ್ಧ ಚಿತ್ತು, ಅಂಚಿನಲ್ಲಿ ಬಾಣದ ಗುರುತು.

“ಪುಸ್ತಕವೇ ಇದೆಯಲ್ಲ, ಇದು ಯಾಕೆ?” ಎಂದರು. ತಪ್ಪು ಪ್ರಶ್ನೆಯಲ್ಲ. ಅಚ್ಚಿನ ಯಂತ್ರ ಬಂದಂದಿನಿಂದ ನಾವೆಲ್ಲರೂ ಹಾಗೆಯೇ ಕೇಳುತ್ತ ಬಂದಿದ್ದೇವೆ.

ಹಾಗೆಂದು ಕನ್ನಡಿಗರಿಗೆ ಕೈಬರಹದ ಮೇಲೆ ಅಕ್ಕರೆ ಇಲ್ಲವೆನ್ನಲಾಗದು. ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ನನ್ನನ್ನು ಕಾಪಾಡು, ಮೂರ್ಖರ ಕೈಗೆ ಮಾತ್ರ ಕೊಡಬೇಡ ಎಂದು ಪುಸ್ತಕವೇ ಬೇಡಿಕೊಳ್ಳುವ ಹಳೆಯ ಶ್ಲೋಕವೊಂದನ್ನು ನಮ್ಮ ಲಿಪಿಕಾರರು ಓಲೆಯ ಕೊನೆಯಲ್ಲಿ ಬರೆಯುತ್ತಿದ್ದರು. ಮುಂಬಯಿಯಲ್ಲಿ ಕಾನೂನು ಓದಿ ವಿಜಯಪುರಕ್ಕೆ ಹೋದ ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳಿಗಾಗಿ ಊರೂರು ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಅಚ್ಚುಕೂಟಕ್ಕಾಗಿ ಮನೆಯನ್ನೇ ಮಾರಿಕೊಂಡರು. ಮೈಸೂರಿನ ಪ್ರಾಚ್ಯ ಸಂಶೋಧನಾಲಯ 1891ರಿಂದ ಇದೆ. ಆದರೆ ಇಲ್ಲೆಲ್ಲ ‘ಹಸ್ತಪ್ರತಿ’ ಎಂದರೆ ಓಲೆಗರಿ, ಹಳೆಯ ಕೋರಿ ಕಾಗದ, ಬಟ್ಟೆಯ ಮಡಿಕೆ ಪುಸ್ತಕವಾದ ಕಡತ. ನಿನ್ನೆ ಮೊನ್ನೆ ಬಾಲ್‌ಪೆನ್ನಿನಲ್ಲಿ ಬರೆದದ್ದಕ್ಕೆ ಆ ಹೆಸರು ಸಲ್ಲುವುದಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ನಾವು ಪೂಜಿಸುವ ಆ ಓಲೆಗಳಲ್ಲಿ ಬಹುಪಾಲು ಕವಿಯ ಕೈಬರಹವೇ ಅಲ್ಲ. ಪಂಪನ ಅಕ್ಷರ ಹೇಗಿತ್ತೆಂದು ಯಾರೂ ಕಂಡಿಲ್ಲ. ನಮಗೆ ಸಿಕ್ಕಿರುವುದು ಪ್ರತಿಯ ಪ್ರತಿಯ ಪ್ರತಿ. ಗ್ರಂಥ ಸಂಪಾದನೆ ಎಂಬ ಶಾಸ್ತ್ರ ಹುಟ್ಟಿದ್ದೇ ಲಿಪಿಕಾರರ ಕೈತಪ್ಪುಗಳನ್ನು ದಾಟಿ, ಕಳೆದುಹೋದ ಕವಿಯ ಪಾಠದ ಹತ್ತಿರಕ್ಕೆ ಹೋಗಲು. ಪುಣೆಯ ಭಾಂಡಾರಕರ ಸಂಸ್ಥೆ ಇದಕ್ಕೆ ದೊಡ್ಡ ನಿದರ್ಶನ. 1917ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ, ಬ್ಯೂಲರ್, ಕೀಲ್‌ಹಾರ್ನ್, ಭಾಂಡಾರಕರರಂಥ ವಿದ್ವಾಂಸರು ಮುಂಬಯಿ ಸರ್ಕಾರಕ್ಕಾಗಿ ಕೂಡಿಸಿದ್ದ ಹಸ್ತಪ್ರತಿಗಳು ಮರುವರ್ಷ ಡೆಕ್ಕನ್ ಕಾಲೇಜಿನಿಂದ ಬಂದವು. 1919ರಲ್ಲಿ ಮಹಾಭಾರತದ ಪರಿಷ್ಕರಣೆ ಶುರುವಾಯಿತು. ಮುಗಿದದ್ದು 1966ರಲ್ಲಿ, ನೋಡಿದ ಹಸ್ತಪ್ರತಿಗಳು 1,259. ಯಾರೂ ಕಾಣದ ಮೂಲವೊಂದನ್ನು ಊಹಿಸಲು ಅರ್ಧ ಶತಮಾನ ದುಡಿದ ನಾಡು ಇದು. ಅದೇ ನಾಡಿನಲ್ಲಿ ಮೂಲವೇ, ಲೇಖಕರ ಸ್ವಂತ ಕೈಯದೇ, ಮಂಚದಡಿಯಲ್ಲಿ ಇದ್ದಾಗ ಅದಕ್ಕೆ ಕಿಲೋ ಲೆಕ್ಕದ ಬೆಲೆ.

ಹೀಗೇಕಾಯಿತು? ಒಂದು ಕಾರಣ ಅಚ್ಚುಕೂಟ. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಲೇಖಕರ ಶುದ್ಧಪ್ರತಿ ಮುದ್ರಣಾಲಯಕ್ಕೆ ಹೋದರೆ ಹಾಳೆಗಳು ಬೇರೆ ಬೇರೆ ಕೈಗೆ ಹಂಚಿಹೋಗಿ, ಶಾಯಿ ಮೆತ್ತಿಕೊಂಡು, ಕೆಲಸ ಮುಗಿದ ಮೇಲೆ ಮೂಲೆ ಸೇರುತ್ತಿದ್ದವು. ಮರಳಿ ಕೇಳಿದ ಲೇಖಕರು ಕಡಿಮೆ. ಅಚ್ಚಾದದ್ದೇ ಮೂಲ, ಉಳಿದದ್ದು ಅಡುಗೆಮನೆಯ ಕಸ ಎಂಬ ಭಾವನೆ ಬರೆಯುವವರಲ್ಲೇ ಇತ್ತು. ಈಗಲೂ ಇದೆ. ತಮ್ಮ ಚಿತ್ತುಗಳನ್ನು ಯಾರಾದರೂ ನೋಡಿಯಾರು ಎಂದು ನಾಚುವವರೂ ಇದ್ದಾರೆ.

ಎರಡನೆಯ ಕಾರಣ ಕಾನೂನು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕರಡು ಬಿದ್ದುಹೋದ ಸಂದು ಇಲ್ಲೇ ಇದೆ. 1954ರ ಪುಸ್ತಕ ಒಪ್ಪಿಸುವ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕವನ್ನೂ ಪ್ರಕಾಶಕರು ತಮ್ಮದೇ ಖರ್ಚಿನಲ್ಲಿ ನಾಲ್ಕು ಗ್ರಂಥಾಲಯಗಳಿಗೆ ಕಳುಹಿಸಬೇಕು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮಾರ, ದೆಹಲಿಯ ಸಾರ್ವಜನಿಕ ಗ್ರಂಥಾಲಯ, ನಾಲ್ಕನೆಯದು ನಮ್ಮ ಫೋರ್ಟ್‌ನ ಟೌನ್ ಹಾಲಿನ ಸೆಂಟ್ರಲ್ ಲೈಬ್ರರಿ. ಎಂದರೆ ಧಾರವಾಡದಲ್ಲಿ ಅಚ್ಚಾದ ಕವನ ಸಂಕಲನಕ್ಕೂ ಮುಂಬಯಿಯಲ್ಲಿ ಕಾನೂನುಬದ್ಧ ಮನೆಯಿದೆ. ಆದರೆ ಅಚ್ಚಾದದ್ದಕ್ಕೆ ಮಾತ್ರ. ಇನ್ನೊಂದು ತುದಿಯಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ. ಅದರ ಪ್ರಕಾರ ಹಸ್ತಪ್ರತಿಗೆ ರಕ್ಷಣೆ ಸಿಗಬೇಕಾದರೆ ಕನಿಷ್ಠ 75 ವರ್ಷ ವಯಸ್ಸಾಗಿರಬೇಕು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಕೂಡ ಅದೇ 75ನ್ನು ಹಿಡಿಯಿತು. 2025ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಎಂಬ ಹೊಸ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಮಾತು ಬಂದಾಗಲೂ ಕಣ್ಣು ಇದ್ದದ್ದು ಪ್ರಾಚೀನದ ಮೇಲೆಯೇ.

ಲೆಕ್ಕ ಹಾಕಿ ನೋಡಿ. ಬಾಂದ್ರಾದಲ್ಲಿ ಬದುಕಿದ ಯಶವಂತ ಚಿತ್ತಾಲರ ‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ. ಅಂಥದೊಂದು ಕಾದಂಬರಿಯ ಕರಡು ಸರ್ಕಾರದ ಭಾಷೆಯಲ್ಲಿ ‘ಹಸ್ತಪ್ರತಿ’ ಆಗಲು 2050ರ ದಶಕ ಬರಬೇಕು. ಅಲ್ಲಿಯವರೆಗೆ ಅದು ಪುಸ್ತಕವೂ ಅಲ್ಲ, ಪುರಾತನವೂ ಅಲ್ಲ; ಬರಿಯ ಕಾಗದ.

ಬೇರೆಡೆ ಈ ಸಂದನ್ನು ಮುಚ್ಚಿದವರಿದ್ದಾರೆ. ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋ 1881ರಲ್ಲೇ ತಾನು ಬರೆದ, ಗೀಚಿದ ಎಲ್ಲವನ್ನೂ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಉಯಿಲು ಬರೆದ. ಕವಿ ಟಿ.ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕವನದ ಕರಡು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿರುವುದು 1968ರಲ್ಲಿ ಬಹಿರಂಗವಾಗಿ, 1971ರಲ್ಲಿ ಅದರ ಪಡಿಯಚ್ಚು ಹೊರಬಂದಾಗ, ಅವನ ಕವಿಮಿತ್ರ ಎಜ್ರಾ ಪೌಂಡ್ ಎಷ್ಟು ನಿರ್ದಯವಾಗಿ ಅದನ್ನು ಕತ್ತರಿಸಿದ್ದ ಎಂಬುದು ಜಗತ್ತಿಗೆ ಕಂಡಿತು. ನಮ್ಮಲ್ಲೇ ಶಾಂತಿನಿಕೇತನದ ರವೀಂದ್ರ ಭವನವಿದೆ. ಟಾಗೋರರು ಹೊಡೆದುಹಾಕಿದ ಸಾಲುಗಳೇ ಹಕ್ಕಿ, ಮೃಗಗಳಾಗಿ ಅವರ ಚಿತ್ರಕಲೆಗೆ ದಾರಿಯಾದದ್ದು ಕರಡು ಉಳಿದದ್ದರಿಂದ ಗೊತ್ತು. ಕವಿಯೂ ಗ್ರಂಥಪಾಲಕನೂ ಆಗಿದ್ದ ಫಿಲಿಪ್ ಲಾರ್ಕಿನ್ ಇಂಥ ಕಾಗದಕ್ಕೆ ಎರಡು ಬೆಲೆ ಎಂದ: ಈ ಹಾಳೆಯನ್ನೇ ಕವಿ ಮುಟ್ಟಿದ್ದ ಎಂಬ ಮಾಯೆಯ ಬೆಲೆ ಒಂದು, ಬರವಣಿಗೆ ಹೇಗೆ ಹುಟ್ಟಿತೆಂದು ತಿಳಿಸುವ ಅರ್ಥದ ಬೆಲೆ ಇನ್ನೊಂದು. ಬ್ರಿಟಿಷ್ ಲೇಖಕರ ಕಾಗದಗಳೆಲ್ಲ ಅಮೆರಿಕದ ಪಾಲಾಗುತ್ತಿವೆ ಎಂಬುದು ಅವನ ಸಂಕಟವಾಗಿತ್ತು.

ಆ ಸಂಕಟ ನಮಗೂ ಅನ್ವಯಿಸುತ್ತದೆ. 1950ರ ದಶಕದ ಕೊನೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಓದಿದ ಎ.ಕೆ. ರಾಮಾನುಜನ್ ಅವರ ಕಾಗದಗಳು ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಹಾಸನದ ರಾಜಾ ರಾವ್ ಅವರವು ಟೆಕ್ಸಸ್‌ನ ಹ್ಯಾರಿ ರ್‍ಯಾನ್ಸಂ ಕೇಂದ್ರದಲ್ಲಿ, ಮೈಸೂರಿನ ಆರ್.ಕೆ. ನಾರಾಯಣ್ ಅವರವು ಬಾಸ್ಟನ್ನಿನಲ್ಲಿ. ಮುಂಬಯಿಯಲ್ಲೇ ಹುಟ್ಟಿದ ಸಲ್ಮಾನ್ ರಶ್ದಿಯ ಕರಡುಗಳ ಜೊತೆಗೆ ಹಳೆಯ ಕಂಪ್ಯೂಟರುಗಳನ್ನೂ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯ ಪಡೆದುಕೊಂಡಿದೆ. ಇದನ್ನು ಲೂಟಿ ಎನ್ನಲು ನನಗೆ ಮನಸ್ಸಿಲ್ಲ. ಅಲ್ಲಿ ಅವು ಇವೆ, ಬೇಕಾದವರು ಹೋಗಿ ಓದಬಹುದು. ಆದರೆ ಇವರೆಲ್ಲ ಇಂಗ್ಲಿಷಿನಲ್ಲಿಯೂ ಬರೆದವರು, ಅಥವಾ ಇಂಗ್ಲಿಷಿನಲ್ಲೇ ಬರೆದವರು. ಮಾಟುಂಗ, ಡೊಂಬಿವಲಿ, ಠಾಣೆಗಳಲ್ಲಿ ಕೂತು ಕನ್ನಡದಲ್ಲಷ್ಟೇ ಬರೆದವರ ಟ್ರಂಕನ್ನು ಹುಡುಕಿಕೊಂಡು ಟೆಕ್ಸಸ್‌ನಿಂದ ಯಾರೂ ಬರುವುದಿಲ್ಲ.

ಕರ್ನಾಟಕದೊಳಗೆ ಊರು ನೆನಪಿಟ್ಟುಕೊಳ್ಳುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಭಂಡಾರಕ್ಕೆ ಉಡುಪಿಯ ಎಂ.ಜಿ.ಎಂ. ಕಾಲೇಜು ಜಾಗ ಕೊಟ್ಟಿತು, ಕುಪ್ಪಳಿಯಲ್ಲಿ ಕವಿಮನೆಯಿದೆ. ಮುಂಬಯಿ ಲೇಖಕರಿಗೆ ಹಾಗೆ ಹಕ್ಕಿನಿಂದ ಕೇಳುವ ಊರು ಯಾವುದು? ಇಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇದೆ, ಮಾಹಿಮ್‌ನಲ್ಲಿ ಕರ್ನಾಟಕ ಸಂಘವಿದೆ, ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಪುಸ್ತಕ ಪ್ರಕಟಿಸಿದ್ದಾರೆ, ಸಂಶೋಧನೆ ನಡೆಸಿದ್ದಾರೆ, ನಾಟಕ ಆಡಿಸಿದ್ದಾರೆ. ಕರಡನ್ನು ಇಡುವುದು ಇವೆಲ್ಲಕ್ಕಿಂತ ಬೇರೆ ಬಗೆಯ ದುಬಾರಿ ಕೆಲಸ. ಅದಕ್ಕೆ ಬೇಕಾದದ್ದು ಉತ್ಸಾಹವಲ್ಲ, ಚದರಡಿ. ಈ ನಗರದಲ್ಲಿ ಮನುಷ್ಯರಿಗೇ ಸಿಗದ ವಸ್ತು ಅದು.

ಮೇಲಾಗಿ ಈ ಹವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಹಡಿಯ ಎಷ್ಟು ಟ್ರಂಕುಗಳು ನೀರಿನಲ್ಲಿ ಮುಳುಗಿದವೋ ಲೆಕ್ಕವಿಟ್ಟವರಿಲ್ಲ. ಅಂಥ ಪ್ರಳಯ ಬೇಕೆಂದೂ ಇಲ್ಲ. ಕಾಗದ ತನ್ನೊಳಗಿನ ಆಮ್ಲದಿಂದಲೇ ಸಾಯುತ್ತದೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲವು ಸೆಲ್ಯುಲೋಸ್ ಸರಪಳಿಗಳನ್ನು ಮೆಲ್ಲಗೆ ಕತ್ತರಿಸುತ್ತದೆ, ತೇವ ಅದಕ್ಕೆ ನೆರವಾಗುತ್ತದೆ, ಕೊನೆಗೆ ಮಡಚಿದಲ್ಲಿ ಹಪ್ಪಳದಂತೆ ಮುರಿಯುತ್ತದೆ. ಸೆಲ್ಯುಲೋಸ್ ಒಂದು ಪಾಲಿಮರ್. ಚಿತ್ತಾಲರು ವೃತ್ತಿಯಲ್ಲಿ ಪಾಲಿಮರ್ ತಂತ್ರಜ್ಞರು. ತಮ್ಮ ಕೈಕೆಳಗಿನ ಹಾಳೆ ಎಷ್ಟು ದಿನದ್ದೆಂದು ಅವರಷ್ಟು ಬಲ್ಲ ಕಾದಂಬರಿಕಾರ ಕನ್ನಡದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಮದ್ದು ಸರಳ, ತಾಳ್ಮೆ ಬೇಕಷ್ಟೆ. ತುಕ್ಕು ಹಿಡಿದ ಗುಂಡುಸೂಜಿ, ಕ್ಲಿಪ್ಪು ತೆಗೆಯಬೇಕು. ಸೆಲ್ಲೋಟೇಪ್, ಲ್ಯಾಮಿನೇಷನ್ ಮುಟ್ಟಬಾರದು. ಆಮ್ಲರಹಿತ ಹೊದಿಕೆಯಲ್ಲಿಟ್ಟು, ತೇವ ಏರಿಳಿಯದಂತೆ ನೋಡಿಕೊಳ್ಳಬೇಕು. ಹಗಲು ಏಸಿ ಹಾಕಿ ರಾತ್ರಿ ಆರಿಸುವುದಕ್ಕಿಂತ ಗಾಳಿಯಾಡುವ ಕಪಾಟೇ ಮೇಲು. ಮತ್ತು, ಇದನ್ನು ಎಲ್ಲರೂ ಮರೆಯುತ್ತಾರೆ, ಹಾಳೆಗಳ ಕ್ರಮವನ್ನು ಕಲಕದೆ ಹೇಗಿತ್ತೋ ಹಾಗೆಯೇ ಪಟ್ಟಿ ಮಾಡಬೇಕು.

ಕಂಪ್ಯೂಟರಿಗೆ ಹೋದವರು ಪಾರಾದರೆಂದುಕೊಳ್ಳಬೇಡಿ. ಪುಣೆಯಲ್ಲೇ ತಯಾರಾದ ಶ್ರೀಲಿಪಿಯಂಥ ಹಳೆಯ ತಂತ್ರಾಂಶಗಳಲ್ಲಿ, ಯೂನಿಕೋಡ್ ಬರುವ ಮೊದಲು ಟೈಪ್ ಮಾಡಿದ ಕಡತಗಳು, ಆ ಫಾಂಟ್ ಇಲ್ಲದಿದ್ದರೆ ರೋಮನ್ ಅಕ್ಷರಗಳ ಹುಚ್ಚು ಸಂತೆ. ತಿದ್ದಿದ್ದನ್ನು ಅದೇ ಕಡತದ ಮೇಲೆ ಉಳಿಸಿದ್ದರೆ ಚಿತ್ತೇ ಇಲ್ಲ.

ಹಕ್ಕಿನ ಗೊಂದಲ ಬೇರೆ. ಹಾಳೆ ಕೊಟ್ಟ ಮಾತ್ರಕ್ಕೆ ಕೃತಿಸ್ವಾಮ್ಯ ಕೊಟ್ಟಂತಲ್ಲ. ಲೇಖಕರು ಬದುಕಿರುವಾಗ ಪ್ರಕಟವಾದ ಕೃತಿಯಲ್ಲಿ ಅದು ಅವರು ತೀರಿಕೊಂಡ 60 ವರ್ಷಗಳವರೆಗೆ ವಾರಸುದಾರರದು. ಆದರೆ ಕುಟುಂಬದವರ ನಿಜವಾದ ಅಂಜಿಕೆ ಅದಲ್ಲ. ಕರಡಿನ ನಡುವೆ ಏನೇನು ಇದೆಯೋ ಎಂಬುದು: ಪತ್ರ, ಸಾಲದ ಚೀಟಿ, ಕತೆಯಲ್ಲಿ ಹೆಸರು ಬದಲಾದ ಬಂಧುವಿನ ನಿಜವಾದ ಹೆಸರು. ಇಂತಿಷ್ಟು ವರ್ಷ ಮುಚ್ಚಿಡಿ ಎಂಬ ಷರತ್ತು ಹಾಕಿ ಕೊಡಬಹುದೆಂದು ಹೇಳಿದರೆ ಹಲವರು ಹಗುರಾಗುತ್ತಾರೆ.

ಗೋರೆಗಾಂವ್‌ನ ಟ್ರಂಕು ಈಗ ನನ್ನ ಮನೆಯಲ್ಲಿದೆ, ತಾತ್ಕಾಲಿಕವಾಗಿ. ಒಂದು ಕತೆಯ ಐದು ಕರಡುಗಳಿವೆ. ನಾಲ್ಕರಲ್ಲಿ ನಾಯಕ ರೈಲಿನಿಂದ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ, ಐದನೆಯದರಲ್ಲಿ ಇಳಿಯುವುದೇ ಇಲ್ಲ. ಅಚ್ಚಾದ ಕತೆಯನ್ನು ಮೂವತ್ತು ವರ್ಷಗಳಿಂದ ಓದುತ್ತಿದ್ದ ನನಗೆ ಅವನು ಇಳಿಯಲು ಅಷ್ಟು ಹೆಣಗಿದ್ದನೆಂದು ಗೊತ್ತಿರಲಿಲ್ಲ. ಸೊಸೆಗೆ ಆ ಹಾಳೆಗಳ ಚಿತ್ರ ಕಳುಹಿಸಿದೆ. ಸಂಜೆ ಫೋನ್ ಮಾಡಿದರು. ಎರಡನೆಯ ಕರಡಿನ ಏಳನೆಯ ಹಾಳೆಯ ಹಿಂಬದಿಯಲ್ಲಿ ಅತ್ತೆಯ ಕೈಬರಹದಲ್ಲಿ ಹಾಲಿನ ಲೆಕ್ಕವಿದೆಯಂತೆ. ಅದೊಂದು ಹಾಳೆಯನ್ನು ವಾಪಸು ಕೊಡಲಾಗುತ್ತದೆಯೇ ಎಂದು ಕೇಳಿದರು.