ನಾಲ್ಕು ಸುತ್ತು ಸಲೀಸು, ಐದನೆಯದು ಬಿಗಿ

ಹಿಂದಿನ ಚಕ್ರದ ನಡುವಿನ ಹಬ್ ಮೇಲೆ ಫ್ರೀವೀಲ್ (ಚೈನ್ ಕೂರುವ ಹಲ್ಲುಚಕ್ರಗಳ ಗುಂಪು) ಇಟ್ಟು ಬೆರಳಲ್ಲೇ ತಿರುಗಿಸಿದೆ. ಒಂದು, ಎರಡು, ಮೂರು, ನಾಲ್ಕು. ಸ್ವಲ್ಪ ಸಡಿಲ ಅನ್ನಿಸಿತು, ಆದರೂ ಚೆನ್ನಾಗಿಯೇ ಹೋಗುತ್ತಿತ್ತು. ಐದನೇ ಸುತ್ತಿಗೆ ಗಕ್ಕನೆ ಬಿಗಿಯಾಯಿತು. ಗ್ರೀಸ್ ಸಾಲದೇನೋ ಅಂದುಕೊಂಡೆ. ಸ್ಪ್ಯಾನರ್ ಕೈಗೆ ತೆಗೆದುಕೊಂಡವನು ಯಾಕೋ ಅಳುಕಿ ಅಲ್ಲೇ ನಿಲ್ಲಿಸಿದೆ. ಇನ್ನೊಂದೆರಡು ಸುತ್ತು ಬಲವಂತ ಮಾಡಿ ಹಾಗೇ ಏರು ಹತ್ತಿದ್ದರೆ, ಅಲ್ಯೂಮಿನಿಯಂ ಹಬ್‌ನ ಥ್ರೆಡ್ ಸುಲಿದುಬರುತ್ತಿತ್ತು. ಐವತ್ತು ವರ್ಷ ಬಾಳಿದ ಹಬ್ ಅದು.

ಸೈಕಲ್ ಫ್ರಾನ್ಸಿನ ಪ್ಯೂಜೋ ಕಂಪನಿಯ ಪಿಎಕ್ಸ್-10. 1970ರ ದಶಕದ ಆರಂಭದ್ದು. ರೆನಾಲ್ಡ್ಸ್ 531 ಉಕ್ಕಿನ ಕೊಳವೆಗಳು, ನೆರ್ವೆಕ್ಸ್‌ನ ಕೊಳವೆಗಳನ್ನು ಕೂಡಿಸುವ ಕುಸುರಿ ಲಗ್‌ಗಳು, ಸ್ಟ್ರಾಂಗ್‌ಲೈಟ್ 93 ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಸಿಂಪ್ಲೆಕ್ಸ್ ಗೇರ್, ಮಾಫಾಕ್ ಬ್ರೇಕ್. ಆ ಕಾಲದಲ್ಲಿ ಅಂಗಡಿಗೆ ಹೋಗಿ ಕೊಂಡುಕೊಳ್ಳಬಹುದಾಗಿದ್ದ ನಿಜವಾದ ರೇಸಿಂಗ್ ಸೈಕಲ್ ಇದು. 1975 ಮತ್ತು 1977ರಲ್ಲಿ ಬರ್ನಾರ್ ತೆವೆನೆ ಟೂರ್ ಡಿ ಫ್ರಾನ್ಸ್ ಗೆದ್ದಿದ್ದು ಪ್ಯೂಜೋ ತಂಡದ ಪರವಾಗಿ. ನನ್ನ ಕೈಲಿದ್ದ ಫ್ರೀವೀಲ್‌ನಲ್ಲೂ ಕೊರತೆ ಏನಿರಲಿಲ್ಲ. ಹೊಸದು, ಗಟ್ಟಿ, ಒಳ್ಳೆಯ ಉಕ್ಕು. ಎರಡೂ ಚೆನ್ನಾಗಿದ್ದವು. ಆದರೆ ಒಂದು ಮಿಲಿಮೀಟರಿನ ಲೆಕ್ಕದ್ದು, ಇನ್ನೊಂದು ಇಂಚಿನ ಲೆಕ್ಕದ್ದು.

ಬ್ರಿಟಿಷ್ ಲೆಕ್ಕದ ಫ್ರೀವೀಲ್ ಹಬ್ ಮೇಲೆ ಕೂರುವ ಜಾಗದಲ್ಲಿ 1.37 ಇಂಚು ಅಗಲ, ಅಂದರೆ ಸುಮಾರು 34.8 ಮಿ.ಮೀ. ಥ್ರೆಡ್ ಇಂಚಿಗೆ 24. ಹಳೆಯ ಫ್ರೆಂಚ್ ಹಬ್ 34.7 ಮಿ.ಮೀ., ಅದರ ಥ್ರೆಡ್ ಮಿಲಿಮೀಟರಿಗೆ ಒಂದು. ಅಗಲದಲ್ಲಿ ವ್ಯತ್ಯಾಸ 0.1 ಮಿ.ಮೀ., ಒಂದು ಹಾಳೆ ಕಾಗದದ ದಪ್ಪ. ಸಡಿಲ ಅನ್ನಿಸಿದ್ದು ಅದಕ್ಕೇ. ಆದರೆ ಕಾಟ ಕೊಡುವುದು ಅಗಲವಲ್ಲ, ಥ್ರೆಡ್‌ಗಳ ನಡುವಿನ ಅಂತರ. 25.4 ಮಿಲಿಮೀಟರನ್ನು 24ರಿಂದ ಭಾಗಿಸಿ ನೋಡಿ. 1.058 ಬರುತ್ತದೆ. ಫ್ರೆಂಚ್ ಹಬ್‌ನಲ್ಲಿ ಅದು ಸರಿಯಾಗಿ 1. ಪ್ರತಿ ಸುತ್ತಿಗೂ 0.058 ಮಿ.ಮೀ. ಹಿಂದೆಮುಂದೆ. ಒಂದು ಸುತ್ತಿಗೆ ಏನೂ ಗೊತ್ತಾಗುವುದಿಲ್ಲ. ನಾಲ್ಕು ಸುತ್ತಿಗೆ ಕಾಲು ಮಿಲಿಮೀಟರಿನ ಹತ್ತಿರ. ಎಂಟು ಸುತ್ತಾದರೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಆಗ ಒಂದರ ಏಣು ಇನ್ನೊಂದರ ತಗ್ಗಿನಲ್ಲಿ ಕೂರುವ ಬದಲು ಏಣಿನ ಮೇಲೇ ಹತ್ತುತ್ತದೆ. ಮೆತ್ತಗಿನ ಲೋಹ ಸೋಲುತ್ತದೆ.

ಇದನ್ನು ಅಳೆಯಲು ಕೈಗೆತ್ತಿಕೊಂಡಿದ್ದು ವರ್ನಿಯರ್ ಕ್ಯಾಲಿಪರ್. ಹೈಸ್ಕೂಲು ಲ್ಯಾಬಿನಲ್ಲಿ ಎಲ್ಲರೂ ಹಿಡಿದವರೇ ಅಲ್ವಾ? ಅದು ಕೆಲಸ ಮಾಡುವುದೂ ಇದೇ ತತ್ವದ ಮೇಲೆ. 9 ಮಿಲಿಮೀಟರನ್ನು ಹತ್ತು ಭಾಗ ಮಾಡಿದ ಪಟ್ಟಿಯೊಂದು ಸಾಮಾನ್ಯ ಮಿಲಿಮೀಟರ್ ಪಟ್ಟಿಯ ಪಕ್ಕದಲ್ಲಿ ಜಾರುತ್ತದೆ. ಒಂದೊಂದು ಗೆರೆಗೂ 0.1 ಮಿ.ಮೀ. ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ಎಲ್ಲಿ ಎರಡು ಗೆರೆ ಒಂದಕ್ಕೊಂದು ಸೇರುತ್ತವೋ ಅಲ್ಲಿ ಉತ್ತರ. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸವನ್ನು ಮತ್ತೆ ಮತ್ತೆ ಕೂಡಿಸಿ ಕಾಣುವ ಹಾಗೆ ಮಾಡುವ ಜಾಣತನ ಅದು. ಫ್ರೀವೀಲ್ ಐದನೇ ಸುತ್ತಿಗೆ ಬಿಗಿಯಾದಾಗ ನನ್ನ ಬೆರಳು ಓದಿದ್ದೂ ಒಂದು ವರ್ನಿಯರ್ ಅನ್ನೇ. ಇದನ್ನು 1631ರಲ್ಲಿ ವಿವರಿಸಿದ ಪಿಯೆರ್ ವೆರ್ನಿಯೆ ಹುಟ್ಟಿದ್ದು ಫ್ರಾನ್ಸಿನ ಪೂರ್ವ ಅಂಚಿನ ಒರ್ನಾಂ ಊರಲ್ಲಿ. ಈಗ ಅದು ದೂ ಜಿಲ್ಲೆಗೆ ಸೇರಿದೆ. ಪ್ಯೂಜೋ ಸೈಕಲ್ ಕಾರ್ಖಾನೆ ಇದ್ದ ಬೋಲ್ಯೂ ಕೂಡ ಅದೇ ಜಿಲ್ಲೆಯಲ್ಲಿದೆ. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು.

ಮೀಟರ್ ಅಳತೆ ಫ್ರಾನ್ಸಿನಲ್ಲೇ ಹುಟ್ಟಿದ್ದು. 1795ರಲ್ಲಿ ಕಾನೂನೇ ಆಯಿತು. ಹಾಗಾಗಿ ಅಲ್ಲಿನ ಸೈಕಲ್ ಕಾರ್ಖಾನೆಗಳು ಹೆಚ್ಚಿನ ಭಾಗಗಳಿಗೆ ಮಿಲಿಮೀಟರಿನ ಲೆಕ್ಕವನ್ನೇ ಹಿಡಿದವು. ಬ್ರಿಟಿಷ್ ಸೈಕಲ್ಲಿನ ಸೀಟಿನ ಕೊಳವೆ 28.6 ಮಿ.ಮೀ. ಇದ್ದರೆ ಫ್ರೆಂಚ್‌ನದು 28. ಮೇಲಿನ ಅಡ್ಡ ಕೊಳವೆ ಬ್ರಿಟಿಷರದು 25.4, ಇವರದು 26. ಪೆಡಲ್ ಥ್ರೆಡ್ ಅಲ್ಲಿ 9/16 ಇಂಚು, ಇಲ್ಲಿ 14 ಮಿ.ಮೀ. ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಅಲ್ಲಿ 22.2, ಇಲ್ಲಿ 22.0. ಎಲ್ಲವೂ ಕೂದಲೆಳೆಯ ಅಂತರದಲ್ಲಿ ಬೇರೆ. ದೊಡ್ಡ ವ್ಯತ್ಯಾಸ ಇದ್ದಿದ್ದರೆ ಯಾರೂ ಮೋಸ ಹೋಗುತ್ತಿರಲಿಲ್ಲ.

ನಮ್ಮ ದೇಶದ ಸೈಕಲ್‌ಗಳು ಬ್ರಿಟಿಷ್ ದಾರಿ ಹಿಡಿದವು. ಹರ್ಕ್ಯುಲಿಸ್, ಬಿಎಸ್‌ಎ ಹೆಸರುಗಳೇ ಇಂಗ್ಲೆಂಡಿನಿಂದ ಬಂದವು. 1949ರಲ್ಲಿ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾಯಿತು. ಹಾಗಾಗಿ ನಮ್ಮೂರ ಸೈಕಲ್ ಶಾಪಿನ ಡಬ್ಬಿಗಳಲ್ಲಿ ಹುಡುಕಿದರೆ ಫ್ರೆಂಚ್ ಸೈಕಲ್‌ಗೆ ಕೂರುವ ಬಿಬಿ ಕಪ್ (ಬಿಬಿ ಅಂದರೆ ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕ್‌ನ ಅಚ್ಚು ತಿರುಗುವ ಜಾಗ) ಸಿಗುವುದು ಕಷ್ಟ. ಆದರೆ ಚಕ್ರದ ವಿಷಯದಲ್ಲಿ ಒಂದು ಅಚ್ಚರಿ ಇದೆ. ಫ್ರೆಂಚರು ಟಯರಿನ ಹೊರಸುತ್ತಿನ ಅಗಲವನ್ನು ಮಿಲಿಮೀಟರಿನಲ್ಲಿ ಹೇಳಿ, ಟಯರ್ ಎಷ್ಟು ದಪ್ಪ ಅನ್ನುವುದಕ್ಕೆ ಎ, ಬಿ, ಸಿ ಅಂತ ಅಕ್ಷರ ಸೇರಿಸುತ್ತಿದ್ದರು. ಟಯರ್ ದಪ್ಪವಾದಂತೆ ರಿಮ್ ಚಿಕ್ಕದು. 700ಎ ರಿಮ್ 642 ಮಿ.ಮೀ., 700ಬಿ 635, 700ಸಿ 622. ಈ ನಡುವಿನ 635 ಯಾವುದು ಗೊತ್ತಾ? ಹಾಲಿನ ಕ್ಯಾನ್ ಹೊತ್ತು, ಹುಲ್ಲಿನ ಹೊರೆ ಹೊತ್ತು ನಮ್ಮ ಹಳ್ಳಿಗಳಲ್ಲಿ ಓಡಾಡಿದ 28×1½ ಸೈಕಲ್ಲಿನ ರಿಮ್. ಅಪ್ಪನ ಕರಿ ಸೈಕಲ್ಲಿಗೂ ಫ್ರೆಂಚರ 700ಬಿಗೂ ಚಕ್ರದ ಅಳತೆ ಒಂದೇ. ಈಗಿನ ರೇಸಿಂಗ್ ಸೈಕಲ್ಲಿನದು 700ಸಿ. ಅದನ್ನೂ ಕೆಲವರು ‘ಇಪ್ಪತ್ತೆಂಟು’ ಅಂತಲೇ ಮಾರುತ್ತಾರೆ. ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ. 13 ಮಿ.ಮೀ. ಕಡಿಮೆ ಬೀಳುತ್ತದೆ.

ಅಳತೆ ಬಿಟ್ಟರೆ ತಿರುಗುವ ದಿಕ್ಕಿನದೂ ಒಂದು ಕತೆ. ಸೈಕಲ್ಲಿನ ಎಡ ಪೆಡಲ್ ಉಲ್ಟಾ ಥ್ರೆಡ್ ಅನ್ನುವುದು ಬಿಚ್ಚಿದವರಿಗೆಲ್ಲ ಗೊತ್ತು. ಯಾಕೆ ಹಾಗೆ? ಅಡುಗೆಮನೆಗೆ ಹೋಗಿ ಎರಡು ಸ್ಟೀಲ್ ಲೋಟ ತನ್ನಿ. ದೊಡ್ಡದರೊಳಗೆ ಸ್ವಲ್ಪವೇ ಚಿಕ್ಕದನ್ನು ಇಡಿ. ಒಳಗಿನ ಲೋಟವನ್ನು ಹೊರಲೋಟದ ಗೋಡೆಗೆ ಒತ್ತಿಕೊಂಡು ಸುತ್ತಲೂ ಉರುಳಿಸಿ. ನೀವು ಬಲಕ್ಕೆ ಸುತ್ತಿಸಿದರೆ ಒಳಲೋಟ ತಾನು ನಿಧಾನವಾಗಿ ಎಡಕ್ಕೆ ತಿರುಗುತ್ತದೆ. ಲೋಟದ ಅಂಚಿಗೆ ಪೆನ್ನಿನಿಂದ ಚುಕ್ಕೆ ಇಟ್ಟು ನೋಡಿ, ಗೊತ್ತಾಗುತ್ತದೆ. ಕ್ರ್ಯಾಂಕ್‌ಗೆ ತಿರುಗಿಸಿದ ಪೆಡಲ್ ಕಂಬಿಯೂ ಹೀಗೇ. ಎಷ್ಟೇ ಬಿಗಿ ಮಾಡಿದರೂ ಸುತ್ತ ಕೂದಲಷ್ಟು ಜಾಗ ಉಳಿಯುತ್ತದೆ. ಕಾಲಿನ ಭಾರ ಯಾವಾಗಲೂ ಕೆಳಕ್ಕೆ, ಆದರೆ ಕ್ರ್ಯಾಂಕ್ ಸುತ್ತುತ್ತಾ ಇರುತ್ತದೆ. ಹಾಗಾಗಿ ಒತ್ತಡ ಬೀಳುವ ಜಾಗ ಥ್ರೆಡ್ ಸುತ್ತ ಓಡುತ್ತದೆ. ಕಂಬಿ ಒಳಲೋಟದ ಹಾಗೆ ಉರುಳುತ್ತದೆ. ಬಲಗಡೆ ಇದು ಬಿಗಿಯಾಗುವ ದಿಕ್ಕು. ಎಡಗಡೆಗೂ ಮಾಮೂಲಿ ಥ್ರೆಡ್ ಹಾಕಿದರೆ ಪೆಡಲ್ ದಾರಿಯಲ್ಲೇ ಕಳಚಿ ಬೀಳುತ್ತದೆ.

ಕ್ರ್ಯಾಂಕ್ ತಿರುಗುವ ಬಿಬಿಯ ಕಪ್‌ಗಳಲ್ಲೂ ಇಂಥದೇ ಉರುಳಾಟ ಇದೆ. ಆದರೆ ದಿಕ್ಕು ಅದಲು ಬದಲು. ಇಲ್ಲಿ ಬಿಚ್ಚಿಕೊಳ್ಳಲು ನೋಡುವುದು ಬಲಗಡೆಯದು. ಬ್ರಿಟಿಷರು ಬಲ ಕಪ್‌ಗೆ ಉಲ್ಟಾ ಥ್ರೆಡ್ ಹಾಕಿದರು. ಫ್ರೆಂಚರು ಎರಡೂ ಕಡೆ ಮಾಮೂಲಿ ಥ್ರೆಡ್ಡನ್ನೇ ಇಟ್ಟುಕೊಂಡರು, 35 ಮಿ.ಮೀ. ಅಗಲ, 1 ಮಿ.ಮೀ. ಅಂತರ. ಹಾಗಾಗಿ ಹಳೆಯ ಫ್ರೆಂಚ್ ಸೈಕಲ್ಲಿನ ಬಲ ಕಪ್ ಸಡಿಲವಾಗುವುದು ಹೆಚ್ಚು. ಅಲ್ಲಿಗೆ ಥ್ರೆಡ್ ಅಂಟು ಹಾಕಿ ಗಟ್ಟಿಯಾಗಿ ಬಿಗಿಯುವುದು ವಾಸಿ. 1970ರ ದಶಕದ ಕೊನೆಯ ಹೊತ್ತಿಗೆ ಪ್ಯೂಜೋ ಸ್ವಿಸ್ ಥ್ರೆಡ್‌ಗೆ ಹೋಯಿತು. ಅಳತೆ ಅದೇ 35, ಆದರೆ ಬಲಗಡೆಯದು ಉಲ್ಟಾ. ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡುವವರೇ ಜಾಸ್ತಿ.

ಬಿಚ್ಚುವ ಹೊತ್ತಿನಲ್ಲಿ ತಾಳ್ಮೆ ಪರೀಕ್ಷೆ ಮಾಡುವುದು ಸ್ಟೆಮ್. ಅಲ್ಯೂಮಿನಿಯಂ ಸ್ಟೆಮ್ ಉಕ್ಕಿನ ಕೊಳವೆಯೊಳಗೆ ಕೂತಿರುತ್ತದೆ. ಸವಾರನ ಬೆವರು, ಮಳೆ ನೀರು ಒಳಗಿಳಿಯುತ್ತದೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು. ಅಲ್ಲಿಗೆ ಒಂದು ಪುಟ್ಟ ಬ್ಯಾಟರಿಯೇ ತಯಾರಾಯಿತು. ಇದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಅದರಿಂದ ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಜಾಗ ಇಲ್ಲದ ಕಡೆ ಉಬ್ಬಿದರೆ ಬೆಣೆ ಹೊಡೆದ ಹಾಗೆ. ಸುತ್ತಿಗೆಗೆ ಮೊದಲು ಎಣ್ಣೆ, ಎಣ್ಣೆಯ ನಂತರ ಕಾಯುವುದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿಂದು ಉಕ್ಕನ್ನು ಬಿಡುತ್ತದೆ ಅನ್ನುವುದು ನಿಜ. ಆದರೆ ಅದು ಹೈಡ್ರೋಜನ್ ಬಿಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಸ್ಟೆಮ್ ಹೋದರೆ ಹೋಗಲಿ, ಫ್ರೇಮ್ ಉಳಿಯಲಿ ಅನ್ನುವ ಕೊನೆಯ ಹಂತಕ್ಕೆ, ಗೊತ್ತಿರುವವರ ಜೊತೆ ಮಾತ್ರ.

ತುಕ್ಕಿನ ವಿಷಯ ಇಷ್ಟು ಕಷ್ಟವಲ್ಲ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಉಜ್ಜಿದರೆ ಹೊಳೆಯುತ್ತದಲ್ಲ, ಹುಣಸೆಯ ಹುಳಿ ಮೇಲಿನ ಕಿಲುಬನ್ನು ಕರಗಿಸಿ ಹಿಡಿದುಕೊಳ್ಳುವುದರಿಂದ. ಕಬ್ಬಿಣದ ತುಕ್ಕಿಗೆ ಆಕ್ಸಾಲಿಕ್ ಆಮ್ಲ ಅದೇ ಕೆಲಸ ಮಾಡುತ್ತದೆ. ನೀರಲ್ಲಿ ಕರಗಿಸಿದ ತೆಳು ದ್ರಾವಣದಲ್ಲಿ ಫ್ರೇಮ್ ಮುಳುಗಿಸಿಟ್ಟರೆ ತುಕ್ಕು ಬಿಡುತ್ತದೆ, ಬಣ್ಣ ಬಹುಪಾಲು ಉಳಿಯುತ್ತದೆ. ವಿಷದ ವಸ್ತು, ಕೈಗವಸು ಬೇಕೇ ಬೇಕು. ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬಾರದು. ಹೊಸ ಬಣ್ಣ ಹೊಡೆಸುವುದಕ್ಕೆ ನಾನು ಒಪ್ಪುವುದಿಲ್ಲ. ಕಾರ್ಖಾನೆಯ ಬಣ್ಣ, ಲಗ್ ಸುತ್ತ ಕೈಯಿಂದ ಎಳೆದ ಸಣ್ಣ ಗೆರೆ ಒಂದು ಫ್ರೇಮ್‌ಗೆ ಒಮ್ಮೆ ಮಾತ್ರ ಸಿಗುತ್ತವೆ. ಗೀರು ಬಿದ್ದಿದ್ದರೂ ಇರಲಿ.

ಇನ್ನು ಯಾವ ಭಾಗ ಹಾಕಬೇಕು ಅನ್ನುವುದು. ಆ ಕಾಲದ್ದೇ ಹಾಕಬೇಕು ಅಂತ ನಾನೂ ಹೇಳುವವನು. ಆದರೆ ಕ್ಯಾಟಲಾಗಿನಲ್ಲಿ ಇದ್ದದ್ದೇ ಆಗಬೇಕು ಅಂತಲ್ಲ. ಪಿಎಕ್ಸ್-10 ಜೊತೆ ಬಂದ ಮುಂದಿನ ಹಲ್ಲುಚಕ್ರಗಳು 52 ಮತ್ತು 45. ಹಿಂದೆ 23 ಹಲ್ಲು ಇದ್ದರೂ ಪೆಡಲ್ ಒಂದು ಸುತ್ತಿಗೆ ಸೈಕಲ್ ನಾಲ್ಕು ಮೀಟರ್ ಮುಂದೆ ಹೋಗಬೇಕು. ಆಲ್ಪ್ಸ್‌ನ ಏರಿನಲ್ಲಿ ಅದು ರೇಸ್ ಓಡಿಸುವವರ ಕಾಲಿಗೆ ಮಾತ್ರ. ಪ್ರವಾಸ ಹೋಗುತ್ತಿದ್ದ ಫ್ರೆಂಚರು ಆಗಲೇ ಬೇರೆ ದಾರಿ ಹಿಡಿದಿದ್ದರು. ಸಣ್ಣ ಗೇರ್ ಬೇಕು ಅಂತ ಜೀವನವಿಡೀ ವಾದ ಮಾಡಿದ ಪಾಲ್ ಡಿ ವಿವಿ ಇದ್ದದ್ದು ಸೈಕಲ್ ಉದ್ಯಮದ ಊರಾದ ಸೇಂಟ್ ಎಟಿಯೆನ್‌ನಲ್ಲಿ. ವೆಲೋಸಿಯೋ ಅನ್ನುವ ಹೆಸರಲ್ಲಿ ಬರೆಯುತ್ತಿದ್ದರು. ಟಿಎ ಕಂಪನಿಯ ಪ್ರವಾಸಿ ಕ್ರ್ಯಾಂಕ್‌ಗೆ 26 ಹಲ್ಲಿನ ಒಳಚಕ್ರ ಕೂಡ ಕೂರುತ್ತಿತ್ತು. ಹಿಂದೆಯೂ 26 ಇದ್ದರೆ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ. ನನ್ನ ಮಂಡಿಗೆ ಅದು ಸರಿ. ಇದೂ ಆ ಕಾಲದ್ದೇ, ಫ್ರಾನ್ಸಿನದ್ದೇ. ಒಂದೇ ಎಚ್ಚರಿಕೆ. ಕ್ರ್ಯಾಂಕ್ ಬಿಚ್ಚುವ ಪುಲ್ಲರ್ ಸಾಮಾನ್ಯವಾಗಿ 22 ಮಿ.ಮೀ., ಟಿಎಗೆ 23, ಸ್ಟ್ರಾಂಗ್‌ಲೈಟ್‌ಗೆ 23.35. ತಪ್ಪು ಪುಲ್ಲರ್ ಹಾಕಿ ಎಳೆದರೆ ಕ್ರ್ಯಾಂಕ್ ಕೆಟ್ಟಿತು ಅಂತಲೇ.

ಮಾಫಾಕ್ ಬ್ರೇಕ್ ಬದಲಿಸುವ ಮಾತೇ ಇಲ್ಲ. ಕ್ಲೆರ್ಮೋಂ ಫೆರಾಂ ಊರಿನ ಆ ಬ್ರೇಕು ನಡುವಿನಿಂದ ಎಳೆದು ತನ್ನ ಎರಡೂ ತೋಳುಗಳನ್ನು ರಿಮ್‌ಗೆ ಸಮನಾಗಿ ಒತ್ತುತ್ತದೆ. ಚೆನ್ನಾಗಿ ಹಿಡಿಯುತ್ತದೆ, ಆದರೆ ಕಿರುಚುತ್ತದೆ. ರಬ್ಬರ್ ರಿಮ್‌ಗೆ ಅಂಟಿ ಜಾರಿ, ಅಂಟಿ ಜಾರಿ ಕಂಪಿಸುವುದರಿಂದ ಆ ಸದ್ದು. ಬೋರ್ಡಿನ ಮೇಲೆ ಸೀಮೆಸುಣ್ಣ ಕಿರ್ರೆನ್ನುವುದೂ ಹೀಗೆಯೇ. ರಬ್ಬರಿನ ಮುಂದಿನ ತುದಿ ಮೊದಲು ತಾಗುವ ಹಾಗೆ ತುಸು ಓರೆ ಮಾಡಿದರೆ ಸದ್ದು ಅಡಗುತ್ತದೆ. ಓರೆ ಮಾಡುವ ಅನುಕೂಲ ಆ ಬ್ರೇಕಿನಲ್ಲೇ ಇದೆ.

ಸಿಂಪ್ಲೆಕ್ಸ್ ಗೇರ್‌ ವಿಷಯದಲ್ಲಿ ತುಂಬಾ ಯೋಚನೆ ಮಾಡಿದೆ. ದಿಜೋಂ ಊರಿನ ಲೂಸಿಯನ್ ಜುಯಿ 1960ರ ದಶಕದಲ್ಲಿ ಗೇರ್‌ನ ಬಹುಭಾಗವನ್ನು ಡೆಲ್ರಿನ್ ಪ್ಲಾಸ್ಟಿಕ್ಕಿನಲ್ಲಿ ಮಾಡಿದರು. ಹಗುರ, ತುಕ್ಕು ಹಿಡಿಯುವುದಿಲ್ಲ, ತನಗೆ ತಾನೇ ಜಾರುತ್ತದೆ. ಒಳ್ಳೆಯ ಯೋಚನೆಯೇ. ಆದರೆ ಪ್ಲಾಸ್ಟಿಕ್ ಸದಾ ಬಿಗಿದ ಬೋಲ್ಟಿನ ಕೆಳಗೆ ವರ್ಷಗಟ್ಟಲೆ ಇದ್ದರೆ ನಿಧಾನವಾಗಿ ಆಕಾರ ಕೆಟ್ಟು ಬಿರುಕು ಬಿಡುತ್ತದೆ. ಬೇರೆ ಕಂಪನಿಯದು ಹಾಕೋಣವೆಂದರೆ ಸಿಂಪ್ಲೆಕ್ಸ್‌ಗಾಗಿ ಮಾಡಿದ ಫ್ರೇಮ್‌ನ ತೂತಿಗೆ ಥ್ರೆಡ್ಡೇ ಇಲ್ಲ. ಥ್ರೆಡ್ ಹೊಡೆಸಿದರೆ ಮತ್ತೆ ವಾಪಸ್ ಇಲ್ಲ. ಅದಕ್ಕೆ ಬಿರುಕಿಲ್ಲದ ಸಿಂಪ್ಲೆಕ್ಸ್ ಒಂದನ್ನು ಹುಡುಕಿ ಹಾಕಿದೆ. ಮುರಿದರೂ ಗೇರ್ ಹೋಗುತ್ತದೆ, ಪ್ರಾಣ ಹೋಗುವುದಿಲ್ಲ.

ಸ್ಟೆಮ್ ಹಾಗಲ್ಲ. ಅಲ್ಯೂಮಿನಿಯಂ ಎಷ್ಟು ಸಲ ಬಾಗಿತು ಅನ್ನುವ ಲೆಕ್ಕ ಮರೆಯುವುದಿಲ್ಲ. ಉಕ್ಕಿನಲ್ಲಿ ಒಂದು ಮಿತಿಯ ಕೆಳಗಿನ ಒತ್ತಡ ಎಷ್ಟು ಸಲ ಬಿದ್ದರೂ ನಡೆಯುತ್ತದೆ, ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಹಳೆಯ ಸ್ಟೆಮ್‌ನಲ್ಲಿ ಕೆಳಗಿನ ಸೀಳು ಎಲ್ಲಿ ಮುಗಿಯುತ್ತದೋ ಅಲ್ಲಿ ಒತ್ತಡ ಒಟ್ಟಾಗುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಇಳಿಜಾರಿನಲ್ಲಿ ಹ್ಯಾಂಡಲ್ ಕೈಗೆ ಬಂದರೆ ಏನು ಗತಿ? ಇಲ್ಲಿ ಮಾತ್ರ ಹೊಸದು ತಂದೆ. 22.2 ಇದ್ದದ್ದನ್ನು 22.0ಕ್ಕೆ ಇಳಿಸಬೇಕು. ಎಮರಿ ಪೇಪರ್ ಹಿಡಿದು ಸುತ್ತಲೂ ಒಂದೇ ಸಮ ಉಜ್ಜಿದೆ. ಪ್ರತಿ ಬದಿಗೆ 0.1 ಮಿ.ಮೀ., ಅದೇ ಒಂದು ಹಾಳೆ ಕಾಗದ. ಉಜ್ಜುವುದು, ಅಳೆಯುವುದು. ಸಂಜೆ ಪೂರ್ತಿ ಹಿಡಿಯಿತು.

ಮೆಟ್ರಿಕ್ ಫ್ರೀವೀಲ್ ಸಿಗಲು ಏಳು ತಿಂಗಳು ಬೇಕಾಯಿತು. ಹಲ್ಲು ಸ್ವಲ್ಪ ಸವೆದದ್ದು, ಒಳಗಿನ ಥ್ರೆಡ್ ಚೆನ್ನಾಗಿತ್ತು. ಹಬ್‌ಗೆ ಗ್ರೀಸ್ ಸವರಿ ಇಟ್ಟೆ. ನಾಲ್ಕನೇ ಸುತ್ತು ದಾಟಿ ಐದಕ್ಕೆ ಬಂದಾಗ ಉಸಿರು ಹಿಡಿದುಕೊಂಡೆ. ಐದು ಹೋಯಿತು. ಆರು, ಏಳು. ಎರಡೇ ಬೆರಳು, ಸ್ಪ್ಯಾನರ್ ಇಲ್ಲ. ಹಬ್‌ನ ಅಂಚು ತಾಗಿ ಟಕ್ಕೆಂದು ನಿಂತಿತು.