ಮೊಬೈಲ್‌ನಲ್ಲಿ ಮತ ಹಾಕಿಸಿದ ಸುಳ್ಳು ಮತ್ತು 1870ರ ಕಾಯ್ದೆ

‘ಸಾಲಿನಲ್ಲಿ ನಿಲ್ಲಬೇಡಿ, ಮನೆಯಿಂದಲೇ ಮತ ಹಾಕಿ. ಹಿಲರಿ ಎಂದು ಬರೆದು 59925ಕ್ಕೆ ಕಳುಹಿಸಿ.’ 2016ರ ನವೆಂಬರ್‌ನಲ್ಲಿ, ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ದಿನಗಳಷ್ಟೇ ಉಳಿದಿದ್ದಾಗ ಟ್ವಿಟರ್‌ನಲ್ಲಿ ಹರಿದಾಡಿದ ಚಿತ್ರದ ಒಕ್ಕಣೆ ಇದು. ಡೆಮಾಕ್ರಟಿಕ್ ಅಭ್ಯರ್ಥಿ ಹಿಲರಿ ಕ್ಲಿಂಟನ್ ಪರ ಫಲಕದ ಮುಂದೆ ಕಪ್ಪು ಮಹಿಳೆಯೊಬ್ಬರು ನಿಂತಿದ್ದ ಆ ಚಿತ್ರ ಅಸಲಿ ಪ್ರಚಾರದಂತೆಯೇ ಕಾಣುತ್ತಿತ್ತು. ಅಲ್ಲಿ ಮೊಬೈಲ್ ಸಂದೇಶದಿಂದ ಮತ ಹಾಕುವ ವ್ಯವಸ್ಥೆಯೇ ಇಲ್ಲ. ಆದರೂ ಕನಿಷ್ಠ 4,900 ಮೊಬೈಲ್‌ಗಳಿಂದ ಸಂದೇಶ ಹೋಗಿತ್ತು ಎಂದಿತು ಸರ್ಕಾರ. ಅವರಲ್ಲಿ ನಿಜಕ್ಕೂ ಮೋಸಹೋದವರೆಷ್ಟು, ತಮಾಷೆಗೆ ಕಳುಹಿಸಿದವರೆಷ್ಟು ಎಂಬುದು ಬೇರೆ ಮಾತು.

ಇಂಥ ಚಿತ್ರಗಳನ್ನು ಹಂಚಿದ ಟ್ರಂಪ್ ಬೆಂಬಲಿಗ ಡಗ್ಲಸ್ ಮ್ಯಾಕಿ ವಿರುದ್ಧ 2021ರ ಜನವರಿಯಲ್ಲಿ ಮೊಕದ್ದಮೆ ದಾಖಲಾಯಿತು. ಪ್ರಾಸಿಕ್ಯೂಟರ್‌ಗಳು ಕೈಗೆತ್ತಿಕೊಂಡ ಕಲಂ 1870ರ ಕಾಯ್ದೆಯಿಂದ ಬಂದದ್ದು. ಅಂತರ್ಯುದ್ಧದ ನಂತರ ಮತದ ಹಕ್ಕು ಪಡೆದ ಕಪ್ಪು ಜನರನ್ನು ಬಿಳಿಯರ ಹಿಂಸಾತ್ಮಕ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನ ಮುಸುಕುಧಾರಿಗಳು ಮತಗಟ್ಟೆಯತ್ತ ಸುಳಿಯದಂತೆ ಬೆದರಿಸುತ್ತಿದ್ದ ಕಾಲವದು. ಪ್ರಜೆಯ ಹಕ್ಕನ್ನು ಹತ್ತಿಕ್ಕಲು ಸಂಚು ಹೂಡುವುದೇ ಅಪರಾಧ ಎಂದಿತು ಕಾಯ್ದೆ. ಮತಗಳನ್ನು ಎಣಿಸದೆ ಕೈಬಿಟ್ಟ ಅಧಿಕಾರಿಗಳಿಗೂ ಇದು ಅನ್ವಯಿಸುತ್ತದೆ ಎಂದು 1915ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಕೈಯಲ್ಲಿ ಬಡಿಗೆ ಇರಲೇಬೇಕೆಂಬ ವಾದ ಉಳಿಯಲಿಲ್ಲ.

ಇಷ್ಟು ಹಳೆಯ ಕಾಯ್ದೆಯ ಮೊರೆ ಹೋಗಬೇಕಾದದ್ದೇಕೆ? ಸುಳ್ಳನ್ನು ಸುಳ್ಳೆಂಬ ಒಂದೇ ಕಾರಣಕ್ಕೆ ಶಿಕ್ಷಿಸಲು ಅಮೆರಿಕದ ಸಂವಿಧಾನ ಸುಲಭವಾಗಿ ಬಿಡುವುದಿಲ್ಲ. ತನಗೆ ಸೇನೆಯ ಅತ್ಯುನ್ನತ ಪದಕ ಬಂದಿದೆ ಎಂದು ಬಡಾಯಿ ಕೊಚ್ಚಿದವನನ್ನು ಶಿಕ್ಷಿಸಿದ ಕಾನೂನನ್ನೇ 2012ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಅಭ್ಯರ್ಥಿಗಳ ಬಗ್ಗೆ ಸುಳ್ಳು ಹೇಳುವುದನ್ನು ನಿಷೇಧಿಸಿದ್ದ ಓಹಿಯೊ ರಾಜ್ಯದ ಕಾನೂನಿಗೂ ಕೆಳ ನ್ಯಾಯಾಲಯಗಳಲ್ಲಿ ಅದೇ ಗತಿಯಾಯಿತು. ನನ್ನ ಮಟ್ಟಿಗೆ ಅದು ಸರಿಯೇ. ಚುನಾವಣಾ ಭಾಷಣದ ಸತ್ಯಾಸತ್ಯವನ್ನು ಸರ್ಕಾರಿ ಆಯೋಗ ತೀರ್ಮಾನಿಸತೊಡಗಿದರೆ ಅದರ ಮೊದಲ ಏಟು ಯಾರಿಗೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಎಲ್ಲಿ, ಯಾವಾಗ, ಹೇಗೆ ಮತ ಹಾಕಬೇಕೆಂಬ ಬಗ್ಗೆ ಹೇಳುವ ಸುಳ್ಳಿನ ಜಾತಿಯೇ ಬೇರೆ. ಅದರಲ್ಲಿ ಅಭಿಪ್ರಾಯವೇ ಇಲ್ಲ. ಅಂಥ ವಂಚನೆಯನ್ನು ರಾಜ್ಯಗಳು ತಡೆಯಬಹುದು ಎಂದು 2018ರ ಮಿನ್ನೆಸೋಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಸೂಚಿಸಿತ್ತು. ಆದರೆ ಇಂಥ ಸುಳ್ಳನ್ನು ತಡೆಯಲೆಂದೇ ಆಗ ಸೆನೆಟರ್ ಆಗಿದ್ದ ಬರಾಕ್ ಒಬಾಮ 2007ರಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲೇ ಇಲ್ಲ. ಹಾಗಾಗಿ ಹಳೆಯ ಕಾಯ್ದೆಯೇ ಗತಿಯಾಯಿತು.

2023ರ ಮಾರ್ಚ್‌ನಲ್ಲಿ ಬ್ರೂಕ್ಲಿನ್‌ನ ಜ್ಯೂರಿ ಮ್ಯಾಕಿಯನ್ನು ತಪ್ಪಿತಸ್ಥನೆಂದಿತು. ಅಕ್ಟೋಬರ್‌ನಲ್ಲಿ ಏಳು ತಿಂಗಳ ಸಜೆಯಾಯಿತು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನೇ ರದ್ದುಮಾಡಿತು. ವಾಕ್ ಸ್ವಾತಂತ್ರ್ಯದ ಪ್ರಶ್ನೆಯನ್ನು ಅದು ಬಗೆಹರಿಸಲಿಲ್ಲ; ಖಾಸಗಿ ಟ್ವಿಟರ್ ಗುಂಪುಗಳಲ್ಲಿ ನಡೆದ ಸಂಚಿಗೆ ಈತ ತಿಳಿದೂ ಕೈಜೋಡಿಸಿದ್ದ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದಷ್ಟೇ ಹೇಳಿತು. ಹೀಗಾಗಿ ಒಬ್ಬನೇ ಕುಳಿತು ಇಂಥದೇ ಚಿತ್ರ ಹರಿಬಿಟ್ಟರೆ ಈ ಕಲಂ ಅವನನ್ನು ಮುಟ್ಟುವುದಿಲ್ಲ. ಸಂಚಿಗೆ ಕನಿಷ್ಠ ಇಬ್ಬರು ಬೇಕು.